ಮುಖಪುಟ ಕಳೆದ ‘ಬಹಾರ್’ ಸಂಚಿಕೆಗಳಿಗೆ ತಾರೀಕು ಹಚ್ಚಿದ ಬಗೆ

ರಟ್ಟು ಕಟ್ಟುವಾಗ ಮುಖಪುಟ ಕಿತ್ತು ಹಾಕಿದ ಸಂಪುಟಕ್ಕೆ ತಾರೀಕು ಹಚ್ಚಲಾಗದು ಅಂತ ಬಲ್ಲವರೇ ಹೇಳಿದ್ದರು. ಹಚ್ಚಿದ್ದಾಯಿತು.

ಮೊದಲ ಪೆಟ್ಟು ಹೆಸರಿನದು. ಯೂಸುಫ್ ಎತೆಸಾಮಿ ಟೆಹರಾನಿನಲ್ಲಿ 1910ರಲ್ಲಿ ತಂದ ಪರ್ಷಿಯನ್ ಮಾಸಪತ್ರಿಕೆ ‘ಬಹಾರ್’. ಅದೇ ವರ್ಷ ಮಶ್‌ಹದ್‌ನಲ್ಲಿ ಕವಿ ಬಹಾರ್ ಶುರುಮಾಡಿದ್ದು ‘ನೌಬಹಾರ್’, ಅದು ಸುದ್ದಿಪತ್ರಿಕೆ. ಗ್ರಂಥಾಲಯವೊಂದರ ಪಟ್ಟಿಯಲ್ಲಿ ಎರಡೂ ಕಲೆಸಿದ್ದವು. ಪುಟಕ್ಕೆ ಹತ್ತು ರೂಪಾಯಿಯಂತೆ ತರಿಸಿದ ಪ್ರತಿ ಪೂರ್ತಿ ದಂಡ, ನಾಲ್ಕೈದು ಸಾವಿರ ಹೋಯಿತು. ಈಗ ಹಣ ಕಟ್ಟುವ ಮೊದಲು ಪುಟ ಎಣಿಸಿ ಕೇಳುತ್ತೇನೆ: ‘ಬಹಾರ್’ ಸಂಚಿಕೆ 64 ಪುಟ, 32 ಹಾಳೆ. ಕಡಿಮೆ ಬಂದರೆ ಒಂದೋ ಹರಿದಿದೆ, ಇಲ್ಲವೇ ಬೇರೆ ಪತ್ರಿಕೆ.

ಎರಡನೆಯದು ಇನ್ನೂ ದೊಡ್ಡ ತಪ್ಪು: ತಿಂಗಳಿಗೊಂದು ಸಂಚಿಕೆ ಅಂತ ಎಣಿಸಿದ್ದು. ಮೊದಲ ವರ್ಷದ 12 ಸಂಚಿಕೆ ಹಿಜರಿ ಲೆಕ್ಕದಲ್ಲಿ ರಬಿ ಉಸ್ಸಾನಿ 1328ರಿಂದ ಜುಲ್ಕಾದಾ 1329ರವರೆಗೆ, ಸುಮಾರು ಇಪ್ಪತ್ತು ತಿಂಗಳು, ಎಳೆದಿವೆ. ಎರಡನೇ ವರ್ಷದ್ದು ಶುರುವಾದದ್ದೇ ಶಾಬಾನ್ 1339ಕ್ಕೆ, ಅಂದರೆ 1921ರ ಏಪ್ರಿಲ್. ಮುಗಿದದ್ದು 1922ರ ಕೊನೆಗೆ. ಹಾಗಾಗಿ ತಿಂಗಳು ಬಿಟ್ಟು ಧಾರಾವಾಹಿ ಅನುವಾದಗಳ ಎಳೆ ಹಿಡಿದೆ. ಒಂದರಲ್ಲಿ ತುಂಡಾದ ವಾಕ್ಯ ಯಾವುದರಲ್ಲಿ ಮುಂದುವರಿಯುತ್ತದೋ ಅದೇ ಮುಂದಿನ ಸಂಚಿಕೆ. ಸಂಪಾದಕರ ಮಗಳು ಪರ್ವೀನ್ ಎತೆಸಾಮಿಯ ಪದ್ಯ ಸಿಕ್ಕಿತೋ, ಎರಡನೇ ವರ್ಷದ್ದೇ ಸರಿ. ಆಕೆ ಹುಟ್ಟಿದ್ದು 1907ರಲ್ಲಿ. ಅಕ್ಷರದ ಮೊಳೆ ನೋಡಿ ವರ್ಷ ಹೇಳುವ ಇನ್ನೊಂದು ಗುರುತಿದೆ, ನನ್ನ ಪಟ್ಟಿ ಅಚ್ಚಾಗುವವರೆಗೆ ಅದು ನನ್ನಲ್ಲೇ ಇರಲಿ.

ಹಿಜರಿ ತಾರೀಕನ್ನು ವಾರದ ಜೊತೆ ತಾಳೆ ನೋಡಲೇಬೇಕು, ಚಂದ್ರದರ್ಶನದಿಂದ ಒಂದು ದಿನ ಜಾರುತ್ತದೆ. ಮೊದಲ ಸಂಚಿಕೆಯ ರಬಿ ಉಸ್ಸಾನಿ 10 ಅಂದರೆ 1910ರ ಏಪ್ರಿಲ್ 21, ಗುರುವಾರ.

ಇದೇ ಕೈಯಲ್ಲಿ ‘ದಾನೆಷ್ಕದೆ’ ಎಂಬ ಪತ್ರಿಕೆಯನ್ನೂ ಪರೀಕ್ಷಿಸಿದೆ. ಕವಿ ಬಹಾರ್ 1918ರಲ್ಲಿ ತಂದದ್ದು, ಒಂದೇ ವರ್ಷ ಬದುಕಿದ್ದು. ಅದರಲ್ಲಿ ತಿಂಗಳು ರಾಶಿಯ ಲೆಕ್ಕ: ಹಮಲ್ ನಮ್ಮ ಮೇಷ, ಸೌರ್ ವೃಷಭ. ನಮ್ಮ ಪಂಚಾಂಗ ನೋಡಿ ಕೂರಿಸಲು ಹೋಗಿ ಇಪ್ಪತ್ಮೂರು ದಿನ ಹಿಂದುಮುಂದಾಯಿತು. ಅವರದು ಸಾಯನ, ಅಂದರೆ ಹಗಲು-ರಾತ್ರಿ ಸಮವಾಗುವ ದಿನದಿಂದ ಎಣಿಸುವ ಲೆಕ್ಕ; ಹಮಲ್ ಶುರುವಾಗುವುದು ಮಾರ್ಚ್ 21ರ ಸುಮಾರಿಗೆ, ಮೇಷ ಸಂಕ್ರಮಣಕ್ಕಲ್ಲ. ಈಗಿನ ಇರಾನಿ ಕ್ಯಾಲೆಂಡರ್ ತಂತ್ರಾಂಶವನ್ನೂ ನೆಚ್ಚಬೇಡಿ. ತಿಂಗಳ ದಿನಗಳನ್ನು ಗೊತ್ತುಮಾಡಿದ 1925ರ ಇರಾನಿ ಕಾನೂನಿಗೆ ಮೊದಲು ತಿಂಗಳಿಗೆ 29ರಿಂದ 32 ದಿನ ಇರುತ್ತಿತ್ತು.