ಟಿಕೆಟ್ ಆಮೇಲೆ, ಮೊದಲು ನೀರು ನೋಡಿ: ಥಾಯ್ಲೆಂಡ್‌ನಲ್ಲಿ ನಾಲ್ಕು ದಿನದ ರಾಫ್ಟಿಂಗ್ ಪ್ರವಾಸ

ಥಾಯ್ಲೆಂಡ್‌ಗೆ ರಾಫ್ಟಿಂಗ್ ಮಾಡಲೆಂದು ಹೊರಡುವ ನಮ್ಮವರ ಲೆಕ್ಕಾಚಾರವೇ ಉಲ್ಟಾ. ಮೊದಲು ಆಫರ್ ನೋಡಿ ವಿಮಾನದ ಟಿಕೆಟ್ ತೆಗೆಯುತ್ತಾರೆ. ಆಮೇಲೆ ಹೋಟೆಲ್. ಅಲ್ಲಿಗೆ ಹೋಗಿ ಇಳಿದ ಮೇಲೆ ಯಾವುದೋ ಅಂಗಡಿ ಮುಂದಿನ ಬೋರ್ಡ್ ನೋಡಿ ರಾಫ್ಟಿಂಗ್‌ಗೆ ದುಡ್ಡು ಕಟ್ಟುತ್ತಾರೆ. ಮಕ್ಕಳಿಗೆ ರಜೆ ಅಂತ ಏಪ್ರಿಲ್‌ನಲ್ಲಿ ಹೋದರೆ ನದಿಯಲ್ಲಿ ಬಂಡೆಗಳೇ ಜಾಸ್ತಿ, ನೀರು ಕಮ್ಮಿ. ಅಗ್ಗದ ಟಿಕೆಟ್ ಸಿಕ್ಕಿತು ಅಂತ ಸೆಪ್ಟೆಂಬರ್‌ನಲ್ಲಿ ಹೋದರೆ ಈಜು ಬಾರದವರನ್ನೂ ತುಂಬಿ ಹರಿಯುವ ನದಿಗೆ ಇಳಿಸುವ ಏಜೆಂಟರು ಸಿಗುತ್ತಾರೆ. ಎರಡನ್ನೂ ತಪ್ಪಿಸಬಹುದು. ನದಿ ಯಾವುದು, ತಿಂಗಳು ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಹಂತ 1: ನದಿ ಮತ್ತು ತಿಂಗಳು

ದಾಂಡೇಲಿಯ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿದವರಿಗೆ ಒಂದು ಅಭ್ಯಾಸ ಆಗಿಬಿಟ್ಟಿರುತ್ತದೆ. ಅಲ್ಲಿ ಸೂಪಾ ಅಣೆಕಟ್ಟಿನಿಂದ ನೀರು ಬಿಡುವುದರಿಂದ ಬಿರುಬೇಸಿಗೆಯಲ್ಲೂ ನದಿ ಹರಿಯುತ್ತಿರುತ್ತದೆ. ಉತ್ತರ ಥಾಯ್ಲೆಂಡ್ ಹಾಗಲ್ಲ. ಅಲ್ಲಿನ ರಾಫ್ಟಿಂಗ್ ನದಿಗಳು ಬಹುತೇಕ ಮಳೆಯನ್ನೇ ನಂಬಿಕೊಂಡಿವೆ. ಕೊಡಗಿನ ಬರಪೊಳೆಯಲ್ಲಿ ಮಳೆಗಾಲದಲ್ಲಿ ಮಾತ್ರ ರಾಫ್ಟಿಂಗ್ ನಡೆಯುತ್ತದಲ್ವಾ, ಲೆಕ್ಕ ಹೆಚ್ಚುಕಡಿಮೆ ಅದೇ.

ಹೆಚ್ಚಿನವರು ಹೋಗುವುದು ಚಿಯಾಂಗ್ ಮಾಯ್ ಊರಿನ ಉತ್ತರಕ್ಕಿರುವ ಮೇ ತೇಂಗ್ ನದಿಗೆ. ಊರಿನಿಂದ ವ್ಯಾನಿನಲ್ಲಿ ಒಂದೂವರೆ ಗಂಟೆ ದಾರಿ. ನೀರಿನ ಮೇಲೆ ಸುಮಾರು ಹತ್ತು ಕಿಲೋಮೀಟರ್. ರಾಫ್ಟಿಂಗ್ ನದಿಗಳನ್ನು 1ರಿಂದ 6ರವರೆಗೆ ಗ್ರೇಡ್ ಮಾಡುತ್ತಾರೆ. ಮೇ ತೇಂಗ್ ಸಾಮಾನ್ಯವಾಗಿ 3 ಮತ್ತು 4. ಮಳೆ ಜೋರಾದಾಗ ಕೆಲವು ಕಡೆ 5ಕ್ಕೆ ಏರುತ್ತದೆ. 3 ಎಂದರೆ ಅಲೆ ಮುಖಕ್ಕೆ ಬಡಿಯುತ್ತದೆ, ನಗುತ್ತಾ ದಾಟಬಹುದು. 5 ಎಂದರೆ ಅನುಭವ ಇರುವವರಿಗೆ ಮಾತ್ರ.

ಜುಲೈನಿಂದ ಅಕ್ಟೋಬರ್‌ವರೆಗೆ ನೀರು ಜೋರು. ನವೆಂಬರ್‌ನಿಂದ ಜನವರಿವರೆಗೆ ಹದವಾಗಿರುತ್ತದೆ. ಫೆಬ್ರವರಿ ಕಳೆದರೆ ರಾಫ್ಟು ಕಲ್ಲಿನ ಮೇಲೆ ಕೂತುಬಿಡುತ್ತದೆ, ಗೈಡ್ ಇಳಿದು ತಳ್ಳಬೇಕಾಗುತ್ತದೆ. ಸಾಲದ್ದಕ್ಕೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಹೊಲ, ಕಾಡಿಗೆ ಬೆಂಕಿ ಇಡುವ ಕಾಲ. ಚಿಯಾಂಗ್ ಮಾಯ್ ಮೇಲೆ ಹೊಗೆ ಕವಿದು ಪಕ್ಕದ ಬೆಟ್ಟವೇ ಕಾಣುವುದಿಲ್ಲ. ಆಸ್ತಮಾ ಇರುವವರು ಆ ತಿಂಗಳುಗಳಲ್ಲಿ ಆ ಕಡೆ ತಲೆ ಹಾಕದಿರುವುದೇ ವಾಸಿ.

ನನ್ನನ್ನು ಕೇಳಿದರೆ ಮೊದಲ ಸಲ ಹೋಗುವವರಿಗೆ ನವೆಂಬರ್, ಡಿಸೆಂಬರ್. ನೀರು ಇರುತ್ತದೆ, ಬಿಸಿಲು ಹಿತವಾಗಿರುತ್ತದೆ. ಕಾಡಿನಲ್ಲಿ ಜಿಗಣೆ ಕಮ್ಮಿ. ಮುಂಚೆ ಒಂದೆರಡು ನದಿ ಇಳಿದವರು ಆಗಸ್ಟ್‌ಗೆ ಹೋಗಲಿ. ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರಗಳನ್ನು ನಾನು ಯಾರಿಗೂ ಹೇಳುವುದಿಲ್ಲ. 2024ರಲ್ಲಿ ಅದೇ ಸಮಯಕ್ಕೆ ಪಿಂಗ್ ನದಿ ಉಕ್ಕಿ ಚಿಯಾಂಗ್ ಮಾಯ್ ಪೇಟೆಗೇ ನೀರು ನುಗ್ಗಿತ್ತು. ಮೇ ತೇಂಗ್ ಸೇರುವುದು ಅದೇ ಪಿಂಗ್ ನದಿಗೆ.

ಬೇರೆ ನದಿಗಳೂ ಇವೆ. ಎರಡು ದಿನ ನೀರಿನ ಮೇಲೇ ಇರಬೇಕು, ರಾತ್ರಿ ಕಾಡಿನ ಕ್ಯಾಂಪಿನಲ್ಲಿ ಮಲಗಬೇಕು ಅನ್ನುವವರಿಗೆ ಪಾಯ್ ನದಿ. ಪಾಯ್ ಊರಿನ ಕಡೆಯಿಂದ ಹೊರಟು ಮೇ ಹಾಂಗ್ ಸಾನ್ ಕಡೆ ಇಳಿಯುತ್ತಾರೆ. ಕಾಲ ಜುಲೈನಿಂದ ಡಿಸೆಂಬರ್. ಆದರೆ ಚಿಯಾಂಗ್ ಮಾಯ್‌ನಿಂದ ಪಾಯ್‌ಗೆ ಹೋಗುವ ರಸ್ತೆಗೆ 762 ತಿರುವುಗಳು. ಈ ಲೆಕ್ಕವನ್ನು ಅಲ್ಲಿ ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿಯೇ ಮಾರುತ್ತಾರೆ. ವಾಂತಿ ಮಾತ್ರೆ ಇಲ್ಲದೆ ವ್ಯಾನ್ ಹತ್ತಬೇಡಿ. ಪಿಟ್ಸನುಲೋಕ್ ಪ್ರಾಂತ್ಯದ ಖೇಕ್ ನದಿ ಜೂನ್‌ನಿಂದ ಅಕ್ಟೋಬರ್‌ವರೆಗೆ. ಅಲ್ಲಿ ಥಾಯ್ ಪ್ರವಾಸಿಗರೇ ಜಾಸ್ತಿ. ಫುಕೆಟ್ ಕಡೆ ಹೋಗುವವರಿಗೆ ಫಂಗ್ ನ್ಗಾದ ಸೋಂಗ್ ಫ್ರೇಕ್ ಇದೆ. ಅಲ್ಲಿ ಕಟ್ಟೆಯಲ್ಲಿ ನೀರು ಹಿಡಿದಿಟ್ಟು ಹೊತ್ತು ನೋಡಿ ಬಿಡುತ್ತಾರೆ. ನೀರು ಬಿಟ್ಟ ತಕ್ಷಣ ರಾಫ್ಟುಗಳೆಲ್ಲ ಒಟ್ಟಿಗೇ ಹೊರಡುತ್ತವೆ. ಜಾತ್ರೆ, ಆದರೂ ಮಕ್ಕಳಿಗೆ ಖುಷಿ. ಬ್ಯಾಂಕಾಕ್ ಬಿಟ್ಟು ದೂರ ಹೋಗಲು ಆಗದವರಿಗೆ ನಖೋನ್ ನಾಯೋಕ್ ಸಾಕು. ನೂರು ಚಿಲ್ಲರೆ ಕಿಲೋಮೀಟರ್ ದೂರ, ಶಾಂತವಾದ ನೀರು.

ಹಂತ 2: ಟಿಕೆಟ್, ಕಾಗದಪತ್ರ

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನ, ಸುಮಾರು ನಾಲ್ಕು ಗಂಟೆ. ಅಲ್ಲಿಂದ ಚಿಯಾಂಗ್ ಮಾಯ್‌ಗೆ ಇನ್ನೊಂದು ಗಂಟೆ ಚಿಲ್ಲರೆ. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ, ಡಾನ್ ಮುಯಾಂಗ್ ಅಂತ ಎರಡು ವಿಮಾನ ನಿಲ್ದಾಣ ಇವೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಅಗ್ಗದ ಟಿಕೆಟ್ ಕೊಂಡರೆ ಉಳಿಸಿದ ದುಡ್ಡೆಲ್ಲ ಟ್ಯಾಕ್ಸಿಗೇ ಹೋಗುತ್ತದೆ. ಟ್ರಾಫಿಕ್ ಕೈಕೊಟ್ಟರೆ ವಿಮಾನವೂ ಹೋಗುತ್ತದೆ.

ವೀಸಾ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ತೆಗೆಯುವ ಮುಂಚೆ ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿ, ಪಕ್ಕದ ಮನೆಯವರು ಹೇಳಿದ್ದನ್ನು ನಂಬಬೇಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯವಾಗಿದೆ. ಅಲ್ಲಿ ಇಳಿಯುವುದಕ್ಕೆ ಮೂರು ದಿನ ಮುಂಚಿನಿಂದ ಆನ್‌ಲೈನ್‌ನಲ್ಲಿ ತುಂಬಬಹುದು. ಇದು ಪುಕ್ಕಟೆ. ಗೂಗಲ್ ಮಾಡಿದರೆ ದುಡ್ಡು ಕೇಳುವ ನಕಲಿ ತಾಣಗಳೂ ಬರುತ್ತವೆ. ವಿಳಾಸದ ಕೊನೆಗೆ 'ಡಾಟ್ ಗೋ ಡಾಟ್ ಟಿಎಚ್' ಇದ್ದರೆ ಸರ್ಕಾರದ್ದು. ಇಲ್ಲದಿದ್ದರೆ ಮುಚ್ಚಿಬಿಡಿ.

ಇನ್ಶೂರೆನ್ಸ್ ತೆಗೆದುಕೊಳ್ಳಿ. ಏರ್‌ಲೈನ್ ಜಾಲತಾಣದಲ್ಲಿ ಟಿಕೆಟ್ ಜತೆ ಟಿಕ್ ಹಾಕಿಸುವ ಅಗ್ಗದ ಪಾಲಿಸಿ ಬೇಡ. ಅಂಥವುಗಳಲ್ಲಿ ಅನೇಕವು ಸಾಹಸ ಕ್ರೀಡೆಯಲ್ಲಿ ಆದ ಪೆಟ್ಟಿಗೆ ದುಡ್ಡು ಕೊಡುವುದಿಲ್ಲ. ರಾಫ್ಟಿಂಗ್ ಸೇರಿದೆಯೇ ಅಂತ ಬರಹದಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಇ-ಸಿಗರೇಟ್ ಸೇದುವವರು ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಥಾಯ್ಲೆಂಡ್‌ನಲ್ಲಿ ಅದು ಕಾನೂನುಬಾಹಿರ.

ಹಂತ 3: ಕಂಪನಿ ಆರಿಸುವುದು

ಎಡವುವುದು ಇಲ್ಲೇ. ಚಿಯಾಂಗ್ ಮಾಯ್ ಹಳೇ ಊರಿನಲ್ಲಿ ಹೆಜ್ಜೆಗೊಂದು ಟೂರ್ ಅಂಗಡಿ. ಎಲ್ಲ ಕಡೆ ಅದೇ ಬಣ್ಣದ ಹಾಳೆ: ಆನೆ, ಜಿಪ್‌ಲೈನ್, ಜಲಪಾತ, ಬುಡಕಟ್ಟು ಹಳ್ಳಿ, ಜತೆಗೆ ರಾಫ್ಟಿಂಗ್. ಎಲ್ಲ ಒಂದೇ ದಿನದಲ್ಲಿ. ಬೆಲೆಯೂ ಕಮ್ಮಿ. ಬೆಂಗಳೂರಿನ ಒಂದು ತಂಡ ಹೆಲ್ಮೆಟ್ ಮೇಲೆ ಕೂರಿಸುವ ಕ್ಯಾಮೆರಾ ಸಮೇತ ಇಂಥ ಪ್ಯಾಕೇಜಿನಲ್ಲಿ ಹೋಗಿತ್ತು. ಕೊನೆಗೆ ಅವರನ್ನು ಕೂರಿಸಿದ್ದು ಬಿದಿರಿನ ತೆಪ್ಪದ ಮೇಲೆ. ಮೊಣಕಾಲುದ್ದದ ನೀರಿನಲ್ಲಿ ಒಬ್ಬಾತ ಕೋಲು ಹಾಕಿಕೊಂಡು ಅರ್ಧ ಗಂಟೆ ತೇಲಿಸಿ ಇಳಿಸಿದ. ಹಾಳೆಯಲ್ಲಿ ಬರೆದದ್ದು ಸುಳ್ಳೇನಲ್ಲ, ಅದೂ ರಾಫ್ಟೇ. ಮೇ ವಾಂಗ್ ಕಡೆ ಹೋದರೆ ಬಿದಿರಿನ ತೆಪ್ಪ ನಿಜಕ್ಕೂ ಸೊಗಸು, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದರೆ ಅದನ್ನೇ ಮಾಡಿ. ಆದರೆ ಬಿಳಿ ನೊರೆ ಬೇಕು ಅಂತ ಹೋದವರಿಗೆ ಅದು ಸಾಲದು.

ಹಾಗಾಗಿ ದುಡ್ಡು ಕೊಡುವ ಮುಂಚೆ ಕೇಳಿ. ರಾಫ್ಟು ರಬ್ಬರಿನದ್ದಾ, ಬಿದಿರಿನದ್ದಾ? ನೀರಿನ ಮೇಲೆ ಎಷ್ಟು ಹೊತ್ತು, ಎಷ್ಟು ಕಿಲೋಮೀಟರ್? 'ಹಾಫ್ ಡೇ ರಾಫ್ಟಿಂಗ್' ಅಂದರೆ ಅದರಲ್ಲಿ ವ್ಯಾನಿನ ಪ್ರಯಾಣವೂ ಸೇರಿರುತ್ತದೆ. ಒಂದು ರಾಫ್ಟಿಗೆ ಎಷ್ಟು ಜನ? ಗೈಡ್ ಬಿಟ್ಟು ಆರು ಜನರ ಮೇಲೆ ಹೋದರೆ ನಾನು ಬೇಡ ಅನ್ನುತ್ತೇನೆ. ರಾಫ್ಟಿನ ಜತೆ ಬೇರೆಯಾಗಿ ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ಒಬ್ಬ ರಕ್ಷಕ ಬರುತ್ತಾನಾ? ಬಿದ್ದವರನ್ನು ಮೊದಲು ತಲುಪುವುದು ಆತನೇ. ಈ ಪ್ರಶ್ನೆಗೆ ಅಂಗಡಿಯವರು ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಮುಖ್ಯವಾದ ಪ್ರಶ್ನೆ ಇನ್ನೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ನೀರು ಎಷ್ಟು ಏರಿದರೆ ನೀವು ಟ್ರಿಪ್ ರದ್ದು ಮಾಡುತ್ತೀರಿ? ಒಳ್ಳೆಯ ಕಂಪನಿಯವರ ಹತ್ತಿರ ಇದಕ್ಕೆ ಅಳತೆ ಇರುತ್ತದೆ. ನದಿ ದಡದಲ್ಲಿ ಗುರುತು ಹಾಕಿದ ಕಂಬ ಇದೆ, ಇಷ್ಟು ದಾಟಿದರೆ ಮೇಲಿನ ಭಾಗ ಬಿಟ್ಟು ಕೆಳಗಿನಿಂದ ಶುರು ಮಾಡುತ್ತೇವೆ, ಅದಕ್ಕಿಂತ ಜಾಸ್ತಿಯಾದರೆ ಇಳಿಯುವುದೇ ಇಲ್ಲ, ದುಡ್ಡು ವಾಪಸ್ ಅನ್ನುತ್ತಾರೆ. 'ನೋ ಪ್ರಾಬ್ಲಂ, ಎವ್ರಿಡೇ ಗೋ' ಅನ್ನುವವರ ಹತ್ತಿರ ಹೋಗಬೇಡಿ.

ಮೇ ತೇಂಗ್‌ನ ಸರಿಯಾದ ರಬ್ಬರ್ ರಾಫ್ಟ್ ಟ್ರಿಪ್‌ಗೆ ಊಟ, ವ್ಯಾನು ಸೇರಿ ಸಾಮಾನ್ಯವಾಗಿ 1,500ರಿಂದ 2,500 ಬಾತ್ ಆಗುತ್ತದೆ. ಒಂದು ಬಾತ್‌ಗೆ ಎರಡೂವರೆ ಮೂರು ರೂಪಾಯಿ ಅಂತ ಹಿಡಿದುಕೊಳ್ಳಿ. ಇದಕ್ಕಿಂತ ತೀರಾ ಅಗ್ಗಕ್ಕೆ ಕೊಡುವವರು ಎಲ್ಲೋ ಒಂದು ಕಡೆ ಕತ್ತರಿ ಹಾಕಿರುತ್ತಾರೆ. ಅದು ಲೈಫ್ ಜಾಕೆಟ್ ಆಗಿದ್ದರೆ? ಇನ್ನು ಪ್ಯಾಕೇಜಿನಲ್ಲಿ ಆನೆ ಸವಾರಿ ಇದ್ದರೆ ಆ ಪ್ಯಾಕೇಜನ್ನೇ ಬಿಡಿ.

ಹಂತ 4: ದಿನ ಹೊಂದಿಸುವುದು

ರಾತ್ರಿ ವಿಮಾನದಲ್ಲಿ ನಿದ್ದೆಗೆಟ್ಟು ಬಂದ ದಿನ ನದಿಗೆ ಇಳಿಯಬೇಡಿ. ರಾಫ್ಟಿಂಗನ್ನು ಕೊನೆಯ ದಿನಕ್ಕೂ ಇಡಬೇಡಿ. ಎರಡನೇ ದಿನ ಇಟ್ಟರೆ, ಮಳೆ ಬಂದು ರದ್ದಾದರೂ ಮೂರನೇ ದಿನ ಕೈಯಲ್ಲಿರುತ್ತದೆ. ಆ ಮೂರನೇ ದಿನಕ್ಕೆ ಬುವಾ ತೋಂಗ್ ಜಲಪಾತ ಇಟ್ಟುಕೊಳ್ಳಿ. ಸುಣ್ಣದ ಅಂಶ ಕಲ್ಲಿನ ಮೇಲೆ ಕೂತು ಒರಟಾಗಿರುವುದರಿಂದ ಕಾಲು ಜಾರುವುದಿಲ್ಲ. ಹರಿಯುವ ನೀರಿನಲ್ಲೇ ಬರಿಗಾಲಲ್ಲಿ ಮೇಲಕ್ಕೆ ಹತ್ತಬಹುದು. ಎತ್ತರ ಬೇಕೆಂದರೆ ದೋಯ್ ಇಂಥನೋನ್, 2,565 ಮೀಟರ್, ಆ ದೇಶದ ಅತಿ ಎತ್ತರದ ಶಿಖರ. ಡಿಸೆಂಬರ್‌ನಲ್ಲಿ ಸ್ವೆಟರ್ ಬೇಕು.

ಹಂತ 5: ಬಟ್ಟೆಬರೆ

ಜೀನ್ಸ್ ಬೇಡ, ನೆನೆದರೆ ಕಾಲು ಎತ್ತಲು ಆಗುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಇಲ್ಲವೇ ಹಳೇ ಕ್ಯಾನ್ವಾಸ್ ಶೂ. ಹವಾಯಿ ಚಪ್ಪಲಿ ಮೊದಲ ಅಲೆಗೇ ಹೋಗುತ್ತದೆ. ಕನ್ನಡಕಕ್ಕೆ ದಾರ. ಕತ್ತಿಗೆ ನೇತು ಹಾಕುವ ಪ್ಲಾಸ್ಟಿಕ್ ಮೊಬೈಲ್ ಚೀಲ ಅಲ್ಲಿನ ಬೀದಿಬೀದಿಯಲ್ಲಿ ಸಿಗುತ್ತದೆ. ಕೊಳ್ಳಬೇಡಿ. ಬಾಯಿಯ ಕ್ಲಿಪ್ಪು ಸಡಿಲ, ಮೇಲಾಗಿ ಬಿದ್ದಾಗ ದಾರ ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ. ಫೋನ್ ವ್ಯಾನಿನಲ್ಲೇ ಬಿಡಿ, ಫೋಟೋ ಕಂಪನಿಯವರೇ ತೆಗೆಯುತ್ತಾರೆ.

ಹಂತ 6: ದಡದ ಮೇಲಿನ ಹತ್ತು ನಿಮಿಷ

ಗೈಡ್ ಪಾಠ ಹೇಳುವಾಗ ನಮ್ಮವರು ಸೆಲ್ಫಿ ತೆಗೆಯುತ್ತಿರುತ್ತಾರೆ. ಇಡೀ ದಿನದಲ್ಲಿ ಕಿವಿಗೊಟ್ಟು ಕೇಳಬೇಕಾದದ್ದು ಇದೊಂದೇ.

ಲೈಫ್ ಜಾಕೆಟ್‌ನ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿ ಮಾಡುತ್ತಾ ಬನ್ನಿ. ಆಮೇಲೆ ಪಕ್ಕದವರಿಗೆ ಹೇಳಿ ಎರಡೂ ಭುಜದ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎಳೆಸಿ. ಜಾಕೆಟ್ ಕಿವಿಯವರೆಗೆ ಬಂದರೆ ನೀರಿನಲ್ಲೂ ಹಾಗೇ ಬರುತ್ತದೆ, ನೀವು ಕೆಳಗೆ ಉಳಿಯುತ್ತೀರಿ. ಉಸಿರು ಸ್ವಲ್ಪ ಬಿಗಿ ಅನಿಸಬೇಕು, ಅಷ್ಟು ಕಟ್ಟಿ. ಬಕಲ್ ಒಡೆದಿದ್ದರೆ, ಗಂಟು ಹಾಕಿ ಕೊಟ್ಟರೆ, ಬೇರೆ ಕೇಳಿ. ಸಂಕೋಚ ಬೇಡ. ಹೆಲ್ಮೆಟ್ ಹಣೆ ಮುಚ್ಚಬೇಕು, ತಲೆ ಹಿಂದಕ್ಕೆ ಜಾರಿರಬಾರದು.

ಹುಟ್ಟಿನ ತುದಿಯಲ್ಲಿ ಇಂಗ್ಲಿಷಿನ 'ಟಿ' ಆಕಾರದ ಹಿಡಿ ಇರುತ್ತದೆ. ಒಂದು ಕೈ ಯಾವಾಗಲೂ ಅದರ ಮೇಲೆ ಇರಲಿ. ಕೈ ಬಿಟ್ಟರೆ ಅದು ಹಾರಿ ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ರಾಫ್ಟಿಂಗ್‌ನಲ್ಲಿ ಪೆಟ್ಟಾಗುವುದು ಬಂಡೆಯಿಂದಲೇ ಅಂತೇನಿಲ್ಲ, ಸ್ನೇಹಿತರ ಹುಟ್ಟಿನಿಂದಲೂ ಆಗುತ್ತದೆ.

ಇನ್ನು ಬಿದ್ದರೆ ಏನು ಮಾಡುವುದು. ಬೀಳುವುದು ಮಾಮೂಲು, ಗಾಬರಿ ಬೇಡ. ಬೆನ್ನ ಮೇಲೆ ಮಲಗಿ, ಕಾಲು ನೀರು ಹರಿಯುವ ದಿಕ್ಕಿಗೆ ಇರಲಿ. ಕಾಲ್ಬೆರಳು ನೀರಿನ ಮೇಲೆ ನಿಮಗೇ ಕಾಣಿಸಬೇಕು. ಬಂಡೆ ಬಂದರೆ ಕಾಲಿನಿಂದ ಒದ್ದು ಸರಿಯಬಹುದು. ಸೆಳವಿನಲ್ಲಿ ಎದ್ದು ನಿಲ್ಲಲು ಮಾತ್ರ ಹೋಗಬೇಡಿ, ಆಳ ಸೊಂಟದಷ್ಟೇ ಇದ್ದರೂ ಬೇಡ. ತಳದ ಕಲ್ಲುಗಳ ಸಂದಿಗೆ ಪಾದ ಸಿಕ್ಕಿಕೊಂಡರೆ ನೆಲಕ್ಕೆ ಗೂಟ ಹೊಡೆದ ಹಾಗೆ ಕೂರುತ್ತದೆ. ಹಿಂದಿನಿಂದ ನೀರು ದೂಡುತ್ತದೆ, ದೇಹ ಮುಂದಕ್ಕೆ ಮಗುಚುತ್ತದೆ, ತಲೆ ನೀರೊಳಗೆ. ಈಜುಪಟುಗಳೂ ಸಾಯುವುದು ಹೀಗೆ. ಕುಂಡಿ ನೆಲಕ್ಕೆ ತಾಗುವಷ್ಟು ನೀರು ಕಮ್ಮಿಯಾದ ಮೇಲೆ ಏಳಿ.

ದಡದ ಬಿದಿರು ಮೆಳೆ ನೀರಿಗೆ ಬಾಗಿದ್ದರೆ, ಮರ ಬಿದ್ದಿದ್ದರೆ, ಅದರಿಂದ ದೂರ ಈಜಿ. ಕೊಂಬೆಗಳ ನಡುವೆ ನೀರು ತೂರಿಹೋಗುತ್ತದೆ, ಮನುಷ್ಯ ತೂರುವುದಿಲ್ಲ. ತಪ್ಪಿಸಿಕೊಳ್ಳಲು ಆಗಲೇ ಇಲ್ಲ ಅಂದರೆ ಮಾತ್ರ ಹೊಟ್ಟೆ ಮೇಲಾಗಿ ತಿರುಗಿ, ತಲೆ ಮುಂದೆ ಮಾಡಿ ಬಿರುಸಾಗಿ ಈಜಿ ಅದರ ಮೇಲಕ್ಕೆ ಹತ್ತಬೇಕು. ಗೈಡ್ ಹಗ್ಗ ಎಸೆದರೆ ಎದೆಗೆ ಒತ್ತಿ ಹಿಡಿದು ಬೆನ್ನ ಮೇಲೇ ಮಲಗಿರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬಿಡಬೇಕಾಗಿ ಬಂದಾಗ ಬಿಡಲು ಆಗುವುದಿಲ್ಲ.

ಹಂತ 7: ಊಟ, ಸ್ಕೂಟರ್, ಟಿಪ್ಸ್

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ 'ಜೇ' ಅಂತ ಬರೆಸಿ. ಸುಮ್ನೆ ವೆಜ್ ಅಂದರೆ ತರಕಾರಿಗೆ ಮೀನಿನ ಸಾಸ್ ಹಾಕಿ ಕೊಡುತ್ತಾರೆ, ಅವರ ಲೆಕ್ಕದಲ್ಲಿ ಅದರಲ್ಲಿ ಮೀನೇ ಇಲ್ಲ. ಜೇ ಅಡುಗೆಯಲ್ಲಿ ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಊರಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ.

ಸ್ಕೂಟರ್ ಬಾಡಿಗೆಗೆ ಕೊಡುವವರು ಲೈಸೆನ್ಸ್ ಕೇಳುವುದಿಲ್ಲ, ಪೊಲೀಸರು ಕೇಳುತ್ತಾರೆ. ಹೊರಡುವ ಮುಂಚೆ ನಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿ. ಅದರಲ್ಲಿ ದ್ವಿಚಕ್ರ ವಾಹನ ಸೇರಿದೆಯೇ ನೋಡಿ. ಸೇರಿಲ್ಲದಿದ್ದರೆ ಬಿದ್ದು ಕೈ ಮುರಿದರೂ ಇನ್ಶೂರೆನ್ಸ್ ಕಂಪನಿ ಕೈ ಎತ್ತಿಬಿಡಬಹುದು. ಪಾಸ್‌ಪೋರ್ಟನ್ನು ಅಡವಿಡಬೇಡಿ. ಠೇವಣಿ ದುಡ್ಡು ಕೊಡಿ, ಪಾಸ್‌ಪೋರ್ಟಿನ ಜೆರಾಕ್ಸ್ ಕೊಡಿ.

ಗೈಡ್‌ಗೆ ಟಿಪ್ಸ್ ಕೊಡುವ ಮನಸ್ಸಿದ್ದರೆ ನೂರರ ಒಂದೆರಡು ನೋಟನ್ನು ವ್ಯಾನಿನಲ್ಲಿ ಬಿಡುವ ಚೀಲದಲ್ಲೇ ಬೇರೆಯಾಗಿ ಇಟ್ಟಿರಿ. ಅಂಗಡಿಯವನ ಕೈಗೆ ಕೊಡಬೇಡಿ, ಹುಟ್ಟು ಹಾಕಿದವನ ಕೈಗೇ ಕೊಡಿ.