ಬಸುರಿಯಾಗಿದ್ದಾಗ ನನ್ನ ಚಹಾದ ಲೆಕ್ಕ

ಶಿರಸಿ ಕಡೆ ಮನೆಗೆ ಯಾರಾದರೂ ಬಂದರೆ ಮೊದಲ ಮಾತೇ ‘ಆಸ್ರಿಗೆ ಎಂತ ಮಾಡವು?’ ಅಂತ, ಅಂದರೆ ಕುಡಿಯಲು ಏನು ಮಾಡಲಿ ಅಂತ. ಕಾರವಾರದಲ್ಲಿ ಕೇಳುವುದೂ ಇಲ್ಲ, ಸೀದಾ ಚಾ ತಂದಿಡುತ್ತಾರೆ. ನನ್ನ ತವರು ಶಿರಸಿ, ನೌಕರಿ ಕಾರವಾರದಲ್ಲಿ. ಹಾಗಾಗಿ ಬಸುರಿಯಾದಾಗ ‘ಚಹಾ ಪೂರ್ತಿ ಬಿಟ್ಟುಬಿಡು’ ಅಂದವರ ಮಾತು ನನಗೆ ನಡೆಯುವಂಥದ್ದಲ್ಲ ಅಂತ ಗೊತ್ತಿತ್ತು. ಬಿಡಲೂ ಇಲ್ಲ. ಆದರೆ ಮೊದಲಿನ ಹಾಗೆ ಕುಡಿಯಲೂ ಇಲ್ಲ.

ಮೊದಲು ಎಷ್ಟು ಅನ್ನುವುದನ್ನು ಹೇಳಿಬಿಡುತ್ತೇನೆ. ಚಹಾದಲ್ಲಿರುವ ಕೆಫೀನ್ ತಾಯಿಯ ರಕ್ತದಿಂದ ಮಗುವಿಗೂ ಹೋಗುತ್ತದೆ. ಅದನ್ನು ಕರಗಿಸುವ ಶಕ್ತಿ ಹೊಟ್ಟೆಯಲ್ಲಿರುವ ಮಗುವಿಗೆ ಇರುವುದಿಲ್ಲ. ಕೆಫೀನ್ ಜಾಸ್ತಿಯಾದರೆ ಮಗುವಿನ ತೂಕ ಕಡಿಮೆಯಾಗಬಹುದು ಅನ್ನುವುದು ಮುಖ್ಯ ಚಿಂತೆ. ದಿನಕ್ಕೆ 300 ಮಿಲಿಗ್ರಾಂ ದಾಟುವವರು ಇಳಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ರಿಟನ್, ಅಮೆರಿಕಗಳ ವೈದ್ಯರು 200ಕ್ಕೇ ಗೆರೆ ಎಳೆಯುತ್ತಾರೆ. ನಾನು 200 ಇಟ್ಟುಕೊಂಡೆ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2024ರಲ್ಲಿ ಹೊರಡಿಸಿದ ಆಹಾರದ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಅಷ್ಟೇ ಫಿಲ್ಟರ್ ಕಾಫಿಯಲ್ಲಿ 80ರಿಂದ 120.

ಆದರೆ ಈ 150 ಮಿಲಿಲೀಟರ್ ಯಾರ ಮನೆಯ ಲೋಟ? ನಮ್ಮ ಮನೆಯ ಸ್ಟೀಲ್ ಲೋಟ ತುಂಬಿಸಿದರೆ 200 ದಾಟುತ್ತದೆ. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಗ್ಲಾಸು ಅದರ ಅರ್ಧ, ಆದರೆ ಚಾ ಅಷ್ಟೇ ಕಡಕ್. ಲೋಟದ ಲೆಕ್ಕ ಹಿಡಿದರೆ ಏನೂ ತಿಳಿಯುವುದಿಲ್ಲ. ಹಾಗಾಗಿ ನಾನು ಪುಡಿಯ ಲೆಕ್ಕ ಹಿಡಿದೆ. ಒಣ ಚಹಾಪುಡಿಯಲ್ಲಿ ನೂರಕ್ಕೆ ಸುಮಾರು 2ರಿಂದ 4 ಪಾಲು ಕೆಫೀನ್. ಮಟ್ಟಸವಾಗಿ ತೆಗೆದ ಒಂದು ಟೀ ಚಮಚ ಪುಡಿ ಸುಮಾರು 2 ಗ್ರಾಂ. ಎಷ್ಟೇ ಕುದಿಸಿ, ಇದ್ದದ್ದೆಲ್ಲ ಇಳಿದರೂ 40ರಿಂದ 80 ಮಿಲಿಗ್ರಾಂ ಆಗುತ್ತದೆ. ಅಂದರೆ ದಿನಕ್ಕೆ ನನ್ನ ಪಾಲಿಗೆ ಎರಡು ಚಮಚ ಪುಡಿ. ಕೆಟ್ಟ ಲೆಕ್ಕ ಹಾಕಿದರೂ 160. ಉಳಿದದ್ದು ಆಗೀಗ ತಿನ್ನುವ ಚಾಕಲೇಟಿಗೆ. ಕೋಲಾ ಕುಡಿಯುವವರು ಅದನ್ನೂ ಸೇರಿಸಿಕೊಳ್ಳಬೇಕು. ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ, ಡಾಕ್ಟರನ್ನು ಕೇಳದೆ ನುಂಗಬಾರದು.

ಮನೆಯಲ್ಲಿ ಎಲ್ಲರಿಗೂ ಸೇರಿಸಿ ಒಂದೇ ಪಾತ್ರೆಯಲ್ಲಿ ಚಹಾ ಇಡುತ್ತಾರಲ್ವಾ, ಅಲ್ಲಿ ಲೆಕ್ಕ ಇನ್ನೂ ಸುಲಭ. ಹಾಕಿದ ಚಮಚ ಎಷ್ಟು, ಕುಡಿಯುವವರು ಎಷ್ಟು, ಭಾಗ ಮಾಡಿದರಾಯಿತು. ತೊಂದರೆ ಬರುವುದು ಆಫೀಸಿನಲ್ಲಿ. ಕ್ಯಾಂಟೀನಿನ ಪಾತ್ರೆ ಬೆಳಿಗ್ಗೆಯಿಂದ ಒಲೆಯ ಮೇಲೇ ಇರುತ್ತದೆ, ಪುಡಿಯ ಮೇಲೆ ಪುಡಿ ಬೀಳುತ್ತಲೇ ಇರುತ್ತದೆ. ಅಲ್ಲಿ ನಾನು ‘ಹಾಫ್ ಚಾ, ಸಕ್ಕರೆ ಕಡಿಮೆ’ ಅಂತ ಹೇಳಿ ಅದನ್ನು ಪೂರ್ತಿ ಒಂದು ಚಹಾ ಅಂತಲೇ ಎಣಿಸಿದೆ.

ಇಷ್ಟಾದರೂ, ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದೇ ನನಗೆ ದೊಡ್ಡದಾಯಿತು. ನಾಲ್ಕನೇ ತಿಂಗಳ ತಪಾಸಣೆಯಲ್ಲಿ ನನ್ನ ಹಿಮೋಗ್ಲೋಬಿನ್ 10.2 ಇತ್ತು. ಬಸುರಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಇದೇನೂ ಅಪರೂಪವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ, 52.2 ಶೇಕಡಾ, ರಕ್ತ ಕಡಿಮೆ ಇತ್ತು. ಡಾಕ್ಟರ್ ಮೇಡಂ ತಾಯಿ ಕಾರ್ಡಿನಲ್ಲಿ ಬರೆಯುತ್ತಾ, ‘ಕಬ್ಬಿಣದ ಮಾತ್ರೆ ಎಷ್ಟು ಗಂಟೆಗೆ ತಗೋತೀರಿ? ಚಹಾ ಎಷ್ಟು ಗಂಟೆಗೆ?’ ಅಂತ ಕೇಳಿದರು. ಎರಡೂ ತಿಂಡಿಯ ಹೊತ್ತಿಗೆ ಅಂದೆ. ‘ಹಾಗಿದ್ರೆ ಮಾತ್ರೆ ಅರ್ಧ ದಂಡ ಆಯ್ತು’ ಅಂದರು.

ಚಹಾದ ಒಗರು ಇದೆಯಲ್ಲ, ಟ್ಯಾನಿನ್, ಅದು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತಕ್ಕೆ ಸೇರಲು ಬಿಡುವುದಿಲ್ಲ. ಹಾಲು ಹಾಕಿದರೂ ಈ ಗುಣ ಪೂರ್ತಿ ಹೋಗುವುದಿಲ್ಲ. ಇದರ ಪೆಟ್ಟು ಹೆಚ್ಚು ಬೀಳುವುದು ಸೊಪ್ಪು, ಕಾಳು, ಧಾನ್ಯಗಳ ಕಬ್ಬಿಣಕ್ಕೆ. ಮೀನು, ಮಾಂಸದ ಕಬ್ಬಿಣದಲ್ಲಿ ಒಂದು ಪಾಲು ಬೇರೆ ಜಾತಿಯದು, ಅದಕ್ಕೆ ಚಹಾದ ಕಾಟ ಕಡಿಮೆ. ಪಕ್ಕದ ಮನೆಯ ಅಕ್ಕ ಬಂಗಡೆ ಸಾರು ಊಟ ಮಾಡಿ ಮೇಲಿಂದ ಚಾ ಕುಡಿದು ಹಾಯಾಗಿದ್ದರು, ಅವರಿಗೆ ಹೇಗೋ ನಡೆಯುತ್ತಿತ್ತು. ನಾನು ಹರಿವೆ, ಹೆಸರುಕಾಳು ತಿನ್ನುವವಳು. ನನಗೆ ನಡೆಯುವುದಿಲ್ಲ.

ಊಟಕ್ಕೆ ಒಂದು ಗಂಟೆ ಮೊದಲು, ಊಟವಾಗಿ ಒಂದು ಗಂಟೆ ಚಹಾ, ಕಾಫಿ ಬೇಡ ಅಂತ ಐಸಿಎಂಆರ್ ಕೂಡ ಹೇಳುತ್ತದೆ. ಕೇಳಲು ಸುಲಭ. ಆದರೆ ನಮ್ಮ ಕಡೆ ಚಹಾ ಇರುವುದೇ ತೆಳ್ಳೇವಿನ (ತೆಳು ದೋಸೆಯ) ಜೊತೆಗೆ, ಬನ್ಸಿನ ಜೊತೆಗೆ. ತೆಳ್ಳೇವು ತಿಂದು ಸುಮ್ನೆ ಕೈ ತೊಳೆದು ಏಳುವುದು ನನಗಂತೂ ಮೊದಮೊದಲು ಶಿಕ್ಷೆ ಅನ್ನಿಸಿತು.

ಇದರ ನಡುವೆ ಮಾತ್ರೆಗಳನ್ನೂ ಕೂರಿಸಬೇಕಿತ್ತು. ಸರ್ಕಾರಿ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ. ನನಗೆ ರಕ್ತ ಕಡಿಮೆ ಇದ್ದದ್ದರಿಂದ ದಿನಕ್ಕೆ ಎರಡು ಬರೆದರು. ಜೊತೆಗೆ ಕ್ಯಾಲ್ಸಿಯಂ ಎರಡು. ಕ್ಯಾಲ್ಸಿಯಂ ಮತ್ತು ಕಬ್ಬಿಣವನ್ನು ಒಟ್ಟಿಗೆ ನುಂಗಬಾರದು, ಅವೆರಡಕ್ಕೂ ಆಗಿಬರುವುದಿಲ್ಲ, ಒಂದೇ ಮನೆಯ ಓರಗಿತ್ತಿಯರ ಹಾಗೆ. ಕೊನೆಗೆ ನನ್ನ ದಿನ ಹೀಗೆ ಕೂತಿತು. ಎಂಟೂವರೆಗೆ ತಿಂಡಿ, ಅದರ ಜೊತೆ ಕ್ಯಾಲ್ಸಿಯಂ. ಹತ್ತೂಮುಕ್ಕಾಲಿಗೆ ಆಫೀಸಿನಲ್ಲಿ ಮೊದಲ ಚಹಾ. ಒಂದೂವರೆಗೆ ಊಟ. ಎರಡೂವರೆಗೆ ಕಬ್ಬಿಣದ ಮಾತ್ರೆ, ಒಂದಿಷ್ಟು ಲಿಂಬೆ ಪಾನಕದ ಜೊತೆ, ಯಾಕೆಂದರೆ ಹುಳಿಯಲ್ಲಿರುವ ಸಿ ವಿಟಮಿನ್ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳಲು ನೆರವಾಗುತ್ತದೆ. ನಾಲ್ಕೂವರೆಗೆ ಎರಡನೇ ಚಹಾ, ಅದೇ ಕೊನೆಯದು. ಎಂಟಕ್ಕೆ ಊಟ ಮತ್ತು ಕ್ಯಾಲ್ಸಿಯಂ. ಮಲಗುವಾಗ ಇನ್ನೊಂದು ಕಬ್ಬಿಣದ ಮಾತ್ರೆ. ಇದು ನನ್ನ ಆಫೀಸಿನ ವೇಳೆಗೆ ಹೊಂದಿದ್ದು. ತೋಟದ ಕೆಲಸ ಇರುವವರು, ಬೇಗ ತಿಂಡಿ ಮುಗಿಸುವವರು ಬೇರೆ ಥರ ಕೂರಿಸಿಕೊಳ್ಳಬಹುದು. ಏಳನೇ ತಿಂಗಳ ಹೊತ್ತಿಗೆ ಹಿಮೋಗ್ಲೋಬಿನ್ 11.3ಕ್ಕೆ ಬಂತು. ಅದರಲ್ಲಿ ಮಾತ್ರೆಯ ಪಾಲೇ ದೊಡ್ಡದು, ಅನುಮಾನವಿಲ್ಲ. ಆದರೆ ಆ ಮಾತ್ರೆಗೆ ಕೆಲಸ ಮಾಡಲು ಜಾಗ ಬಿಟ್ಟುಕೊಟ್ಟದ್ದು ಈ ವೇಳಾಪಟ್ಟಿ.

ಮೊದಲ ಮೂರು ತಿಂಗಳ ಕತೆ ಬೇರೆ. ಆಗ ಚಹಾ ಕುದಿಯುವ ವಾಸನೆಗೇ ವಾಂತಿ ಬರುತ್ತಿತ್ತು, ಕುಡಿಯುವ ಮಾತು ದೂರ. ಬರಿ ಹೊಟ್ಟೆಗೆ ಚಹಾ ಬಿದ್ದರೆ ಎದೆ ಉರಿ. ಒಂದು ಹಿಡಿ ಒಣ ಅವಲಕ್ಕಿ ತಿಂದು, ಆಮೇಲೆ ಸಣ್ಣ ತುಂಡು ಶುಂಠಿ ಹಾಕಿ ಕುದಿಸಿದ ನೀರು ಕುಡಿಯುತ್ತಿದ್ದೆ. ಅಡುಗೆಯ ಅಳತೆಯ ಶುಂಠಿಗೆ ಡಾಕ್ಟರು ಬೇಡ ಅನ್ನಲಿಲ್ಲ.

ತವರಿಗೆ ಹೋದಾಗ ಕಷಾಯದ ಪ್ರಶ್ನೆ ಎದ್ದಿತು. ‘ಚಾ ಬಿಟ್ಟು ಕಷಾಯ ಕುಡಿ ಕೂಸೆ, ಎಂತೂ ಆಗ್ತಿಲ್ಲೆ’ ಅಂತ ಆಯಿ. ಕೆಫೀನ್ ಇಲ್ಲ ಅನ್ನುವುದು ನಿಜ. ಆದರೆ ಗಿಡಮೂಲಿಕೆ ಅಂದಕೂಡಲೇ ಬಸುರಿಗೆ ಒಳ್ಳೆಯದು ಅಂತಲ್ಲ. ಆಯಿಯ ಪುಡಿಯಲ್ಲಿ ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು, ಏಲಕ್ಕಿ ಇದ್ದವು. ಇವೆಲ್ಲ ದಿನಾ ಅಡುಗೆಗೆ ಬೀಳುವಂಥವು. ಜೊತೆಗೆ ಜ್ಯೇಷ್ಠಮಧುವೂ ಇತ್ತು. ಅದು ರಕ್ತದೊತ್ತಡ ಏರಿಸಬಹುದು. ಫಿನ್ಲೆಂಡಿನಲ್ಲಂತೂ ಬಸುರಿಯರು ಅದನ್ನು ದೂರ ಇಡಬೇಕು ಅಂತಲೇ ಸರ್ಕಾರಿ ಸಲಹೆ ಇದೆ. ಆಯಿಗೆ ಇದನ್ನು ಹೇಳಿದಾಗ ಮುಖ ಸ್ವಲ್ಪ ಗಂಟಿಕ್ಕಿದಳು. ಆದರೂ ನನಗೆ ಅಂತ ಅದನ್ನು ಬಿಟ್ಟು ಬೇರೆ ಪುಡಿ ಮಾಡಿಕೊಟ್ಟಳು. ಹಾಲು ಹಾಕಿ ದಿನಕ್ಕೊಂದು ಲೋಟ ಕುಡಿದೆ.

ನಾದಿನಿ ಗ್ರೀನ್ ಟೀ ಪೊಟ್ಟಣ ತಂದುಕೊಟ್ಟಳು, ಅದಾದರೆ ಎಷ್ಟು ಬೇಕಾದರೂ ಕುಡಿಯಬಹುದಂತೆ. ಅದೂ ಅದೇ ಗಿಡದ ಎಲೆ. ಕೆಫೀನೂ ಇದೆ, ಟ್ಯಾನಿನ್ನೂ ಇದೆ. ಲೆಕ್ಕಕ್ಕೆ ಅದೂ ಒಂದು ಚಹಾನೇ.

ಸಕ್ಕರೆಯನ್ನು ಯಾರೂ ಎಣಿಸುವುದಿಲ್ಲ. 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರಲ್ಲ, 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಸುರಿನ ಸಕ್ಕರೆ ಕಾಯಿಲೆ. ನನ್ನದು 140ರ ಹತ್ತಿರಕ್ಕೆ ಬಂದು ನಿಂತಿತ್ತು. ಅಂದಿನಿಂದ ಎರಡು ಚಮಚ ಸಕ್ಕರೆ ಅರ್ಧ ಚಮಚಕ್ಕೆ ಇಳಿಯಿತು. ‘ಸಕ್ಕರೆ ಬೇಡ, ಜೋನಿ ಬೆಲ್ಲ ಹಾಕ್ಕೋ’ ಅಂದರು ಅತ್ತೆ. ಜೋನಿ ಬೆಲ್ಲ, ಅಂದರೆ ನೀರು ಬೆಲ್ಲ, ನನಗೂ ಪ್ರಾಣ. ಆದರೆ ರಕ್ತದ ಸಕ್ಕರೆಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ.

ಕೊನೆಯ ಮೂರು ತಿಂಗಳಲ್ಲಿ ಕೆಫೀನ್ ಮೈಯಿಂದ ಹೊರಹೋಗುವುದು ತುಂಬಾ ನಿಧಾನ. ಸಾಮಾನ್ಯವಾಗಿ ಐದಾರು ಗಂಟೆಯಲ್ಲಿ ಅರ್ಧಕ್ಕೆ ಇಳಿಯುವುದು ಆಗ ಹದಿನೈದು ಗಂಟೆಯವರೆಗೂ ಎಳೆಯಬಹುದು. ಸಂಜೆ ಐದರ ಮೇಲೆ ಕುಡಿದರೆ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆ. ಎಂಟನೇ ತಿಂಗಳಲ್ಲಿ ಎರಡನೇ ಚಹಾದ ಪುಡಿಯನ್ನು ಅರ್ಧ ಚಮಚಕ್ಕೆ ಇಳಿಸಿದೆ. ಬಣ್ಣದ ಬಿಸಿನೀರು ಅಂತ ಗಂಡ ನಕ್ಕರು, ನಗಲಿ.

ಸಂತೆಯಿಂದ ಬಿಡಿ ಪುಡಿ ತರುವವರಿಗೆ ಒಂದು ಮಾತು. ಬಿಳಿ ಫಿಲ್ಟರ್ ಕಾಗದದ ಮೇಲೆ ಪುಡಿ ಹರಡಿ ನೀರು ಚಿಮುಕಿಸಿ, ಆಮೇಲೆ ಕಾಗದ ತೊಳೆದು ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಪುಡಿ ಕಲೆ ಬಿಡುವುದಿಲ್ಲ. ಕೂಡಲೇ ಬಣ್ಣ ಹತ್ತಿದರೆ ಅದು ಬಣ್ಣ ಬೆರೆಸಿದ್ದು, ವಾಪಸ್ ಕೊಡಿ.

ಹೆರಿಗೆಯಾದ ಮೇಲೂ ಕಬ್ಬಿಣದ ಮಾತ್ರೆ 180 ದಿನ ಇರುತ್ತದೆ. ಕೆಫೀನ್ ಎದೆಹಾಲಿಗೂ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಬಾಣಂತನದಲ್ಲೂ ದಿನಕ್ಕೆ ಎರಡೇ ಚಮಚ ಪುಡಿ ಇಟ್ಟುಕೊಂಡಿದ್ದೇನೆ. ಮಗುವಿಗೆ ಹಾಲು ಕೊಟ್ಟ ಕೂಡಲೇ ಚಹಾ ಕುಡಿದುಬಿಡುತ್ತೇನೆ, ಮುಂದಿನ ಸಲ ಹಾಲು ಕೊಡುವುದರೊಳಗೆ ಸ್ವಲ್ಪ ಹೊತ್ತು ಸಿಗಲಿ ಅಂತ.