'ಡಾನ್ ಆಫ್ ದ ಪ್ಲಾನೆಟ್ ಆಫ್ ದ ಏಪ್ಸ್' ನೋಡೋದು ಹೇಗೆ?

ಮೊದಲು ಇದೇ ಸರಣಿಯ 2011ರ 'ರೈಸ್' ಸಿನಿಮಾ ನೋಡಿ, ಆಮೇಲೆ 2014ರ ಈ ಭಾಗಕ್ಕೆ ಬನ್ನಿ. 1968ರ ಹಳೇ ಸಿನಿಮಾ ಈಗಲೇ ಬೇಕಿಲ್ಲ. ವಾನರಗಳ ನಾಯಕ ಸೀಸರ್ ಮನುಷ್ಯರ ಮನೆಯಲ್ಲಿ ಪ್ರೀತಿಯಿಂದ ಬೆಳೆದವನು, ಅವನ ಗುಂಪಿನ ಇನ್ನೊಂದು ವಾನರ ಕೋಬಾ ಲ್ಯಾಬಿನಲ್ಲಿ ನೋವು ತಿಂದವನು ಅನ್ನೋದು ಗೊತ್ತಿಲ್ಲದೆ ಕೂತರೆ, ಅವರಿಬ್ಬರ ಜಗಳ ಸುಮ್ನೆ ಕುರ್ಚಿ ಜಗಳದ ಹಾಗೆ ಕಾಣುತ್ತದೆ.

ಸಬ್‌ಟೈಟಲ್ ಹಾಕಿಕೊಳ್ಳಿ. ಶುರುವಿನಲ್ಲಿ ವಾನರಗಳು ಹೆಚ್ಚಾಗಿ ಕೈಸನ್ನೆಯಲ್ಲೇ ಮಾತಾಡುತ್ತವೆ, ಹಾಗಾಗಿ ಫೋನ್ ನೋಡುತ್ತಾ ಕೂತರೆ ಅರ್ಧ ಕಥೆ ಕೈತಪ್ಪುತ್ತದೆ.

ಕಣ್ಣುಗಳನ್ನೇ ನೋಡಿ. ಸಿನಿಮಾ ಶುರುವಾಗೋದೂ ಮುಗಿಯೋದೂ ಸೀಸರ್‌ನ ಕಣ್ಣುಗಳ ಮೇಲೆಯೇ. ಮುಖಕ್ಕೆ ಚುಕ್ಕೆ ಹಾಕಿಕೊಂಡು, ತಲೆಗೆ ಸಣ್ಣ ಕ್ಯಾಮೆರಾ ಕಟ್ಟಿಕೊಂಡು ಆಂಡಿ ಸರ್ಕಿಸ್ ನಟಿಸಿದ್ದನ್ನು ನ್ಯೂಜಿಲೆಂಡಿನ ಗ್ರಾಫಿಕ್ಸ್ ಕಂಪನಿ ವೇಟಾ ಡಿಜಿಟಲ್‌ನವರು ಚಿಂಪಾಂಜಿಯ ಮುಖಕ್ಕೆ ತಂದಿದ್ದಾರೆ. ಮಾತಿಗೆ ಮೊದಲೇ ಹುಬ್ಬು ಗಂಟಿಕ್ಕುತ್ತದಲ್ವಾ, ಅದು ನಟನ ಕೆಲಸ.

ಒಂದು ದೃಶ್ಯವನ್ನು ಎರಡು ಸಲ ನೋಡಿ. ಮನುಷ್ಯರು ಅಣೆಕಟ್ಟಿನಲ್ಲಿ ಕೆಲಸ ಮಾಡಿಕೊಳ್ಳಲಿ ಅಂತ ಸೀಸರ್ ಬಿಟ್ಟಾಗ, ಕೋಬಾ ತನ್ನ ಮೈಮೇಲಿನ ಗಾಯದ ಗುರುತುಗಳನ್ನು ಒಂದೊಂದಾಗಿ ತೋರಿಸಿ, ಇದೂ ಮನುಷ್ಯರ ಕೆಲಸವೇ ಅನ್ನುತ್ತಾನೆ. ನನಗೆ ಇಡೀ ಸಿನಿಮಾದಲ್ಲಿ ಜಾಸ್ತಿ ತಟ್ಟಿದ್ದು ಅದೇ, ಕೋಬಾನನ್ನು ಬರೀ ವಿಲನ್ ಅಂತ ನೋಡೋಕೆ ಆಮೇಲೆ ಆಗಲೇ ಇಲ್ಲ.

ಕತ್ತಲಿನ ದೃಶ್ಯ, ಮಳೆ ಜಾಸ್ತಿ. ರಾತ್ರಿ ಲೈಟ್ ಆರಿಸಿಯೇ ನೋಡಿ. ಇದು ಹಿಡಿಸಿದರೆ ಮುಂದಿನದು 2017ರ 'ವಾರ್'.